ಅಟ್ಟದ ಸಿಡಿಯೋ, ಪೆನ್‌ಡ್ರೈವಿನ ಫೈಲೋ, ಫೋನಿನ ಸ್ಟ್ರೀಮೋ?

ಅದೇ ಹಾಡು, ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್. ಸಿಡಿ ಹಾಕಿದರೆ ಮೈದುಂಬಿ ಕೇಳುತ್ತದೆ, ಫೋನಿನ ವೈರು ಚುಚ್ಚಿದರೆ ಸಪ್ಪೆ. ಹೀಗೆ ಹೇಳುವವರ ಕಿವಿ ಸುಳ್ಳು ಹೇಳುತ್ತಿಲ್ಲ, ಆದರೆ ಕಾರಣ ಅವರು ಅಂದುಕೊಂಡದ್ದಲ್ಲ. ಸಿಡಿ ಪ್ಲೇಯರಿನ ಹಿಂದಿನ ಕೆಂಪು-ಬಿಳಿ ಸಾಕೆಟ್ಟುಗಳಿಂದ ಪೂರ್ಣ ಮಟ್ಟದಲ್ಲಿ ಸುಮಾರು 2 ವೋಲ್ಟ್ ಹೊರಬರುತ್ತದೆ. ಫೋನಿನ ಹೆಡ್‌ಫೋನ್ ಜ್ಯಾಕಿನಿಂದ ಸಾಮಾನ್ಯವಾಗಿ 1 ವೋಲ್ಟ್, ಎಷ್ಟೋ ಫೋನುಗಳಲ್ಲಿ ಅರ್ಧವೇ. ವೋಲ್ಟೇಜ್ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಇಷ್ಟು ಏರಿದರೆ ಜೋರಾಯಿತೆಂದು ಯಾರಿಗಾದರೂ ಗೊತ್ತಾಗುತ್ತದೆ. ತೊಂದರೆ ಇರುವುದು ಅರ್ಧ, ಒಂದು ಡೆಸಿಬೆಲ್‌ಗಳಲ್ಲಿ. ಅಷ್ಟು ಕಡಿಮೆ ಏರಿಕೆಯನ್ನು ಕಿವಿ ‘ಜೋರು’ ಎಂದು ಹೇಳುವುದೇ ಇಲ್ಲ, ‘ಚೆನ್ನಾಗಿದೆ, ಸ್ಪಷ್ಟವಾಗಿದೆ’ ಎಂದು ಹೇಳಿಬಿಡುತ್ತದೆ. ಸಿಡಿ-ಸ್ಟ್ರೀಮ್ ಜಗಳದ ದೊಡ್ಡ ಪಾಲು ಇಲ್ಲೇ ಹುಟ್ಟುವುದು.

ಸದ್ದಿನ ಮಟ್ಟ ಸರಿಹೊಂದಿಸಿದ ಮೇಲೆ ಉಳಿಯುವ ಚಿತ್ರ ಇದು: ಸರಿಯಾಗಿ ರಿಪ್ ಮಾಡಿದ (ಡಿಸ್ಕಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ) ಲಾಸ್‌ಲೆಸ್, ಅಂದರೆ ಏನನ್ನೂ ಎಸೆಯದೆ ಮಡಚಿಟ್ಟ, ಫೈಲಿಗೂ ಸಿಡಿಗೂ ಒಂದು ಬಿಟ್ಟಿನ ವ್ಯತ್ಯಾಸವೂ ಇಲ್ಲ. ಒಳ್ಳೆಯ ಸ್ಟ್ರೀಮಿಗೂ ಸಿಡಿಗೂ ವ್ಯತ್ಯಾಸ ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಎರಡರ ಮಾಸ್ಟರ್ (ಪ್ರತಿಗಳಿಗೆ ಮೂಲವಾದ ಅಂತಿಮ ರೆಕಾರ್ಡಿಂಗ್) ಬೇರೆ, ಇಲ್ಲವೇ ಯಾವುದೋ ಸೆಟ್ಟಿಂಗ್ ತಪ್ಪು.

ಸಿಡಿಯೊಳಗೆ ಏನಿದೆ

ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಬರೆದ ರೆಡ್ ಬುಕ್ ನಿಯಮವೇ ಇಂದಿಗೂ ಸಿಡಿಯ ಸಂವಿಧಾನ. ಡಿಸ್ಕುಗಳು ಅಂಗಡಿಗೆ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್. ಗುಣಿಸಿದರೆ 1,411 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್), ನಿಮಿಷಕ್ಕೆ ಸುಮಾರು 10.6 ಎಂಬಿ. 22.05 ಕಿಲೋಹರ್ಟ್ಸ್‌ವರೆಗಿನ ಸ್ವರ ಇದರಲ್ಲಿ ಹಿಡಿಸುತ್ತದೆ. ಎಳೆಯರ ಕಿವಿ ನಿಲ್ಲುವುದೇ 20ಕ್ಕೆ, ನಲವತ್ತು ದಾಟಿದವರದು ಸಾಮಾನ್ಯವಾಗಿ 15-16ಕ್ಕೆ. ಮೆಲ್ಲನೆಯದಕ್ಕೂ ಗಟ್ಟಿಯಾದದ್ದಕ್ಕೂ ನಡುವಿನ ಅಂತರ ಸುಮಾರು 96 ಡೆಸಿಬೆಲ್. ಫ್ಯಾನ್ ತಿರುಗುವ, ಹೊರಗೆ ಆಟೋ ಹೋಗುವ ಮನೆಯಲ್ಲಿ ಇದರ ಮುಕ್ಕಾಲೂ ಬಳಕೆಯಾಗುವುದಿಲ್ಲ.

ಹಾಗಾದರೆ 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್‌ನ ‘ಹೈ-ರೆಸ್’ ಏಕೆ? ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ತಿದ್ದುವಾಗ ಆ ಹೆಚ್ಚುವರಿ ಬಿಟ್ಟುಗಳು ಬೇಕೇ ಬೇಕು. ಕೇಳುವಾಗ ಅದರ ಲಾಭ ಸಾಬೀತಾಗಿಲ್ಲ. ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸ್ ಡಿಸ್ಕಿನ ಸದ್ದನ್ನು ನಡುವೆ 16 ಬಿಟ್/44.1ಕ್ಕೆ ಇಳಿಸಿ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಸಿಡಿಯ ಇನ್ನೊಂದು ಗುಣ ದೋಷ ತಿದ್ದುವಿಕೆ. ಡೇಟಾವನ್ನು ಚದುರಿಸಿ ಬರೆದಿರುವುದರಿಂದ ಟ್ರ್ಯಾಕಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಪ್ಲೇಯರ್ ಅದನ್ನು ಪೂರ್ತಿ ಮರಳಿ ಕಟ್ಟಬಲ್ಲದು. ಅದಕ್ಕಿಂತ ಹೆಚ್ಚು ಹಾಳಾದರೆ ಅಕ್ಕಪಕ್ಕದ ಸ್ಯಾಂಪಲ್ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ನಿಮಗೆ ಹೇಳುವುದಿಲ್ಲ, ಸುಮ್ಮನೆ ತುಂಬುತ್ತದೆ. ಊಹೆಗೂ ಸಿಗದಷ್ಟು ಹಾಳಾದಾಗ ಮಾತ್ರ ‘ಟಿಕ್’ ಸದ್ದು, ಜಿಗಿತ. ಕಂಪ್ಯೂಟರ್ ಡೇಟಾ ಸಿಡಿಗೆ ಇದರ ಮೇಲೆ ಇನ್ನೊಂದು ಪದರದ ರಕ್ಷಣೆ ಇದೆ. ಹಾಡಿನ ಸಿಡಿಗೆ ಅದಿಲ್ಲ. ಆದ್ದರಿಂದ ಹಾಡಿನ ಸಿಡಿಯನ್ನು ಫೈಲಿನಂತೆ ಎಳೆದು ಹಾಕಿಕೊಂಡರೆ ನಂಬುವಂತಿಲ್ಲ, ‘ರಿಪ್’ ಎಂಬ ಪ್ರತ್ಯೇಕ ಕೆಲಸವೇ ಬೇಕು.

ನಮ್ಮ ಕಡೆಯ ಒಂದು ಬಲೆಯನ್ನು ಇಲ್ಲೇ ಹೇಳಬೇಕು. 2000ದ ನಂತರ ಬಸ್‌ಸ್ಟ್ಯಾಂಡಿನಿಂದ ಜಾತ್ರೆಯವರೆಗೆ ಮಾರಾಟವಾದ ‘ಒಂದೇ ಡಿಸ್ಕಿನಲ್ಲಿ 75 ಹಾಡು’ ಮಾದರಿಯವೆಲ್ಲ ಎಂಪಿ3 ಸಿಡಿಗಳು. ನೋಡಲು ಒಂದೇ ಥರ, ಒಳಗಿರುವುದು ಮೊದಲೇ ಹಿಂಡಿದ ಫೈಲು. ಆಡಿಯೋ ಸಿಡಿಯಲ್ಲಿ 74ರಿಂದ 80 ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ; ಹಾಡುಗಳ ಸಂಖ್ಯೆ ಇಪ್ಪತ್ತೈದು ದಾಟಿದ್ದರೆ ಅನುಮಾನಪಡಿ. ಕಂಪ್ಯೂಟರಿಗೆ ಹಾಕಿದಾಗ ಎಂಪಿ3 ಎಂಬ ಬಾಲವಿರುವ ಫೈಲು ಕಂಡರೆ ಅದನ್ನು ರಿಪ್ ಮಾಡುವ ಮಾತೇ ಇಲ್ಲ, ಕಾಪಿ ಮಾಡಿಕೊಳ್ಳಿ ಸಾಕು. ಅದನ್ನು ಫ್ಲ್ಯಾಕ್ ಎಂಬ ಲಾಸ್‌ಲೆಸ್ ನಮೂನೆಗೆ ಬದಲಿಸಿದರೆ ಫೈಲು ದಪ್ಪವಾಗುತ್ತದೆ, ಕಳೆದುಹೋದದ್ದು ಮರಳುವುದಿಲ್ಲ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಎಷ್ಟು ದೊಡ್ಡ ಚೀಲಕ್ಕೆ ತುಂಬಿದರೇನು?

ರಿಪ್: ಇಲ್ಲಿ ಅವಸರ ಮಾಡಬೇಡಿ

ಮೊದಲು ಎಲ್ಲರೂ ಮಾಡುವ ತಪ್ಪು. ಆಡಿಯೋ ಸಿಡಿ ತೆರೆದಾಗ ವಿಂಡೋಸ್ ‘ಟ್ರ್ಯಾಕ್01’ ಎಂದು ಸಿಡಿಎ ಫೈಲುಗಳನ್ನು ತೋರಿಸುತ್ತದೆ. ಅವನ್ನು ಪೆನ್‌ಡ್ರೈವಿಗೆ ಎಳೆದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಯಾಕೆಂದರೆ ಒಂದೊಂದೂ 44 ಬೈಟಿನ ಸೂಚನಾಚೀಟಿ ಅಷ್ಟೇ. ಹಾಡು ಡಿಸ್ಕಿನಲ್ಲೇ ಉಳಿದಿರುತ್ತದೆ, ಕಾರಿಗೆ ಹೋಗಿ ಚುಚ್ಚಿದಾಗ ಗೊತ್ತಾಗುತ್ತದೆ.

ಎರಡನೆಯ ತಪ್ಪು, ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ‘ರಿಪ್’ ಗುಂಡಿ ಒತ್ತಿಬಿಡುವುದು. ಅದರ ಮೂಲ ಸೆಟ್ಟಿಂಗ್ 128 ಕೆಬಿಪಿಎಸ್‌ನ ಡಬ್ಲ್ಯೂಎಂಎ (ಎಂಪಿ3ಯಂತೆ ಹಿಂಡಿದ ಫೈಲು) ಆಗಿರುತ್ತಿತ್ತು. ‘ರಿಪ್ ಮಾಡಿದರೆ ಸಿಡಿಯ ಗುಣ ಹೋಗುತ್ತದೆ’ ಎಂಬ ನಂಬಿಕೆಗೆ ಅರ್ಧ ಕಾರಣ ಈ ಗುಂಡಿ.

ಬೇಕಾದ ಸಾಮಾನು: ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ (ಎರಡು ಸಾವಿರ ರೂಪಾಯಿ ಆಸುಪಾಸಿನದು ಸಾಕು), ಮತ್ತು ಒಂದು ಉಚಿತ ತಂತ್ರಾಂಶ. ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್. ಡ್ರೈವನ್ನು ಯುಎಸ್‌ಬಿ ಹಬ್ಬಿಗೆ ಚುಚ್ಚಬೇಡಿ. ತಿರುಗಲು ಶುರುವಾದಾಗ ಕರೆಂಟ್ ಸಾಲದೆ ಡಿಸ್ಕ್ ನಿಂತು ನಿಂತು ಓದುತ್ತದೆ, ಅದನ್ನು ಜನ ಗೀರಿನ ದೋಷವೆಂದು ತಿಳಿಯುತ್ತಾರೆ. ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ, ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಿ.

ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಒಂದು ಸಲ ಮಾಡಿಕೊಳ್ಳಬೇಕಾದ ಏರ್ಪಾಡು ಹೀಗೆ. ಗೀರಿಲ್ಲದ ಒಂದು ಡಿಸ್ಕ್ ಹಾಕಿ, ಡ್ರೈವ್ ಆಯ್ಕೆಗಳಲ್ಲಿ ಓದುವ ಗುಣಗಳನ್ನು ಪತ್ತೆಮಾಡಲು ಬಿಡಿ. ಓದಿದ್ದನ್ನು ಪರೀಕ್ಷಿಸುವ ಸೆಕ್ಯೂರ್ ಮೋಡ್ ಆರಿಸಿ. ಡ್ರೈವ್ ಕ್ಯಾಶ್ ಮಾಡುತ್ತದೆ ಎಂದು ಬಂದರೆ ಆ ಗುರುತನ್ನು ಹಾಗೇ ಇಡಿ. ಇಲ್ಲದಿದ್ದರೆ ‘ಎರಡನೇ ಸಲ ಓದು’ ಎಂದಾಗ ಡ್ರೈವು ಡಿಸ್ಕನ್ನು ಮುಟ್ಟದೆ ತನ್ನ ನೆನಪಿನಿಂದಲೇ ಹಳೆಯ ಉತ್ತರ ಒಪ್ಪಿಸುತ್ತದೆ, ಪರೀಕ್ಷೆಗೆ ಅರ್ಥವಿರುವುದಿಲ್ಲ. ಸಿ2 ದೋಷ ಸೂಚನೆಯನ್ನು ಎಲ್ಲ ಡ್ರೈವುಗಳೂ ಪ್ರಾಮಾಣಿಕವಾಗಿ ಕೊಡುವುದಿಲ್ಲ. ಅನುಮಾನವಿದ್ದರೆ ತೆಗೆದುಬಿಡಿ, ನಿಧಾನವಾದರೂ ನಂಬಬಹುದು. ‘ನಾರ್ಮಲೈಸ್’ ಎಂಬುದು ಎಲ್ಲಿದ್ದರೂ ಆಫ್ ಇರಲಿ, ಅದು ಸದ್ದಿನ ಮಟ್ಟವನ್ನೇ ತಿದ್ದಿ ಬರೆಯುತ್ತದೆ.

ಆಮೇಲೆ ಆಫ್‌ಸೆಟ್. ಪ್ರತಿಯೊಂದು ಮಾದರಿಯ ಡ್ರೈವೂ ಹಾಡನ್ನು ಒಂದಿಷ್ಟು ಸ್ಯಾಂಪಲ್ ಹಿಂದೆ ಮುಂದೆ ಓದುತ್ತದೆ. +6, +667 ಆಗಾಗ ಕಾಣುವ ಸಂಖ್ಯೆಗಳು. 667 ಸ್ಯಾಂಪಲ್ ಅಂದರೂ 15 ಮಿಲಿಸೆಕೆಂಡ್; ಕಿವಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಜಗತ್ತಿನ ಬೇರೆಯವರ ರಿಪ್ ಜೊತೆ ನಿಮ್ಮದನ್ನು ತಾಳೆ ನೋಡುವ ಆಕ್ಯುರೇಟ್‌ರಿಪ್ ದತ್ತಾಂಶಕ್ಕೆ ಇದು ಸರಿಯಿರಲೇಬೇಕು. ಕನ್ನಡದ ಡಿಸ್ಕುಗಳ ತೊಡಕು ಇಲ್ಲೇ: ಬಹಳಷ್ಟು ಆ ದತ್ತಾಂಶದಲ್ಲಿ ಇಲ್ಲ. ಆದ್ದರಿಂದ ಮೊದಲು ಕೋಟಿಗಟ್ಟಲೆ ಮಾರಾಟವಾದ ಯಾವುದಾದರೂ ಇಂಗ್ಲಿಷ್ ಆಲ್ಬಮ್ಮಿನ ಅಸಲಿ ಸಿಡಿಯನ್ನು ಹಾಕಿ; ತಂತ್ರಾಂಶ ಅದನ್ನು ಗುರುತಿಸಿ ಆಫ್‌ಸೆಟ್ಟನ್ನು ತಾನೇ ಕೂರಿಸಿಕೊಳ್ಳುತ್ತದೆ. ನಂತರ ಕನ್ನಡದ ಡಿಸ್ಕುಗಳಿಗೆ ‘ಟೆಸ್ಟ್ ಅಂಡ್ ಕಾಪಿ’ ಬಳಸಿ. ಅದು ಪ್ರತಿ ಹಾಡನ್ನೂ ಎರಡು ಸಲ ಪೂರ್ತಿ ಓದಿ, ಎರಡರ ಸಿಆರ್‌ಸಿ ಸಂಖ್ಯೆ (ಡೇಟಾದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಬರೆಯುತ್ತದೆ. ಎರಡೂ ಒಂದೇ ಇದ್ದರೆ ನೆಮ್ಮದಿ.

ಕೊನೆಯಲ್ಲಿ ಬರುವ ಲಾಗ್ ಫೈಲನ್ನು ಹಾಡಿನ ಜೊತೆಗೇ ಉಳಿಸಿ. ಅದರಲ್ಲಿ ‘ಸಸ್ಪಿಷಿಯಸ್ ಪೊಸಿಷನ್’ ಎಂದು ಸಮಯ ಬರೆದಿದ್ದರೆ ಆ ಜಾಗವನ್ನು ಹೆಡ್‌ಫೋನಿನಲ್ಲಿ ಕೇಳಿ. ದೋಷವಿದ್ದರೆ ಡಿಸ್ಕ್ ತೊಳೆಯಿರಿ: ಉಗುರುಬೆಚ್ಚನೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆಯ ಹತ್ತಿ ಬಟ್ಟೆ. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ, ದೋಷ ತಿದ್ದುವಿಕೆಗೆ ಅದೇ ಅತಿ ಕಷ್ಟ. ಇನ್ನೂ ಓದದಿದ್ದರೆ ವೇಗವನ್ನು 4 ಅಥವಾ 8 ಪಟ್ಟಿಗೆ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಬೇರೆ ಡ್ರೈವ್. ಒಂದು ಡ್ರೈವು ಕೈಚೆಲ್ಲಿದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ತೀರ ಸಾಮಾನ್ಯ.

1980ರ ದಶಕದ ಕೆಲವು ಡಿಸ್ಕುಗಳಲ್ಲಿ, ಮುಖ್ಯವಾಗಿ ಜಪಾನಿನಲ್ಲಿ ಒತ್ತಿದವು ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವುಗಳಲ್ಲಿ, ಪ್ರೀ-ಎಂಫಸಿಸ್ ಇರುತ್ತದೆ. ರೆಕಾರ್ಡ್ ಮಾಡುವಾಗ ಟ್ರೆಬಲ್ ಎತ್ತಿ, ಪ್ಲೇಯರ್ ಅದನ್ನು ಇಳಿಸಲಿ ಎಂದು ಡಿಸ್ಕಿನಲ್ಲಿ ಒಂದು ಗುರುತು ಬರೆದಿರುತ್ತಾರೆ. ಸಿಡಿ ಪ್ಲೇಯರ್ ಆ ಗುರುತು ನೋಡಿ ಇಳಿಸುತ್ತದೆ. ರಿಪ್ ಮಾಡಿದ ಫೈಲಿನಲ್ಲಿ ಗುರುತು ಬಿಟ್ಟುಹೋಗಿ ತುದಿಯ ಟ್ರೆಬಲ್ ಸುಮಾರು 10 ಡೆಸಿಬೆಲ್ ಹೆಚ್ಚಾಗಿಯೇ ಉಳಿಯುತ್ತದೆ. ರಿಪ್ ಸಿಡಿಗಿಂತ ನಿಜಕ್ಕೂ ಬೇರೆಯಾಗಿ ಕೇಳುವ ಅಪರೂಪದ ಪ್ರಸಂಗ ಇದು. ಸಾಕ್ಸ್ ಎಂಬ ತಂತ್ರಾಂಶದ ಡಿ-ಎಂಫಸಿಸ್ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ.

ಉಳಿಸುವುದು ಫ್ಲ್ಯಾಕ್‌ನಲ್ಲಿ, ಐಫೋನ್ ಮನೆಯವರಾದರೆ ಆಪಲ್ ಲಾಸ್‌ಲೆಸ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಬದಲಿಸಿದರೂ ಏನೂ ಕಳೆಯುವುದಿಲ್ಲ. ಫ್ಲ್ಯಾಕ್‌ನ 0ಯಿಂದ 8ರವರೆಗಿನ ಮಟ್ಟಗಳು ಗುಣದ್ದಲ್ಲ, ಎಷ್ಟು ಬಿಗಿಯಾಗಿ ಮಡಚಬೇಕು ಎಂಬುದರದ್ದು. ಬಿಚ್ಚಿದಾಗ ಎಲ್ಲವೂ ಒಂದೇ. ಒಂದು ಗಂಟೆಯ ಡಿಸ್ಕಿಗೆ 350 ಎಂಬಿ ಎಂದು ಹಿಡಿದರೆ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಸಿಡಿ. ಫ್ಲ್ಯಾಕ್ ತನ್ನೊಳಗೇ ಒಂದು ಎಂಡಿ5 ಗುರುತನ್ನು ಇಟ್ಟುಕೊಂಡಿರುತ್ತದೆ. ಐದು ವರ್ಷ ಬಿಟ್ಟು ಫೈಲು ಹಾಳಾಗಿದೆಯೇ ಎಂದು ಪರೀಕ್ಷಿಸಬಹುದು. ವೇವ್ ಫೈಲಿಗೆ ಈ ಸೌಕರ್ಯವಿಲ್ಲ, ಹಾಡಿನ ಹೆಸರು ಹಾಡುಗಾರರ ಹೆಸರು ಹಿಡಿದಿಟ್ಟುಕೊಳ್ಳುವುದರಲ್ಲೂ ಅದು ಹಿಂದೆ.

ಹೆಸರು ಬರೆಯುವ ಕೆಲಸ ಬಹುಪಾಲು ನಿಮ್ಮದೇ. ಫ್ಲ್ಯಾಕ್‌ನ ಟ್ಯಾಗುಗಳು ಯೂನಿಕೋಡ್, ಕನ್ನಡ ಲಿಪಿಯಲ್ಲೇ ಬರೆಯಬಹುದು. ಆದರೆ ಅನೇಕ ಕಾರ್ ಸ್ಟೀರಿಯೋಗಳು ಕನ್ನಡವನ್ನು ಚೌಕಚೌಕವಾಗಿ ತೋರಿಸುತ್ತವೆ. ಟ್ಯಾಗ್ ಕನ್ನಡದಲ್ಲಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಎಂಬ ಒಪ್ಪಂದ ಮಾಡಿಕೊಂಡರೆ ಎರಡೂ ಕಡೆ ನಡೆಯುತ್ತದೆ.

ಎಂಪಿ3: ಎಲ್ಲಿ ಸಿಕ್ಕಿಬೀಳುತ್ತದೆ

ಎಂಪಿ3, ಎಎಸಿ, ಓಗ್ ವೋರ್ಬಿಸ್ ಇವೆಲ್ಲ ಕಿವಿಗೆ ಕೇಳದ್ದನ್ನು ಊಹಿಸಿ ಎಸೆಯುತ್ತವೆ. 128 ಕೆಬಿಪಿಎಸ್‌ನ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ನ ಮೇಲಿನದನ್ನೆಲ್ಲ ಕತ್ತರಿಸುತ್ತದೆ. ಆದರೆ ಕಿವಿಗೆ ಮೊದಲು ಸಿಗುವುದು ಆ ಕತ್ತರಿಯಲ್ಲ, ಹರಡುವಿಕೆ. ಥಟ್ಟನೆ ಬೀಳುವ ಪೆಟ್ಟಿನ ಸದ್ದು ಪೆಟ್ಟಿಗೂ ಮುಂಚೆಯೇ ಸಣ್ಣಗೆ ಮಸುಕಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ಪ್ರೀ-ಎಕೋ ಎನ್ನುತ್ತಾರೆ. ಪರೀಕ್ಷಿಸಲು ಒಳ್ಳೆಯ ಸಾಮಗ್ರಿ ನಮ್ಮಲ್ಲೇ ಬೇಕಾದಷ್ಟಿದೆ: ಘಟದ ಒಣ ಪೆಟ್ಟು, ಯಕ್ಷಗಾನದ ಚಂಡೆ, ಭಜನೆಯ ತಾಳ, ಕಚೇರಿಯ ಕೊನೆಯ ಚಪ್ಪಾಳೆ. 128ರಲ್ಲಿ ಚಪ್ಪಾಳೆ ಬಾಣಲೆಗೆ ನೀರು ಬಿದ್ದಂತೆ ಚುರುಗುಡುತ್ತದೆ, ತಂಬೂರಿಯ ಝೇಂಕಾರ ಗುಳುಗುಳು ಎನ್ನುತ್ತದೆ. ಒಬ್ಬರ ದನಿ, ಒಂದು ಕೊಳಲು ಮಾತ್ರ ಇರುವ ಹಾಡಿನಲ್ಲಿ ಅದೇ 128 ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ.

ಎಂಪಿ3 ಮಾಡುವ ತಂತ್ರಾಂಶವಾದ ಲೇಮ್ ಎನ್‌ಕೋಡರಿನ ವಿ0 ಮಟ್ಟ (ಸರಾಸರಿ 245 ಕೆಬಿಪಿಎಸ್) ಅಥವಾ 320ಕ್ಕೆ ಬಂದರೆ ಆಟ ಬದಲು. ಸಿಡಿಯಿಂದ ಇದನ್ನು ಗುರುತಿಸಬಲ್ಲವರು ತೀರ ವಿರಳ, ಅವರೂ ಆಯ್ದ ತುಣುಕುಗಳಲ್ಲಿ ಮಾತ್ರ.

320ರಲ್ಲೂ ಉಳಿಯುವ ಒಂದು ಕಿರಿಕಿರಿ ಹಾಡುಗಳ ನಡುವಿನ ಬಿರುಕು. ಎಂಪಿ3ಯಲ್ಲಿ ಎನ್‌ಕೋಡರ್ 576, ಅದನ್ನು ಬಿಚ್ಚಿ ನುಡಿಸುವ ಡಿಕೋಡರ್ 529 ಸ್ಯಾಂಪಲ್‌ಗಳ ವಿಳಂಬ ಸೇರಿಸುತ್ತವೆ. ಒಟ್ಟು ಸುಮಾರು 25 ಮಿಲಿಸೆಕೆಂಡ್ ಮೌನ, ಕೊನೆಯಲ್ಲಿ ಇನ್ನಷ್ಟು. ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕಾಗಿ ಕತ್ತರಿಸಿದ ಕಚೇರಿಯ ಸಿಡಿಯಲ್ಲಿ ತಂಬೂರಿ ಆ ಜಾಗದಲ್ಲಿ ಬಿಕ್ಕಳಿಸಿದಂತಾಗುತ್ತದೆ. ಒಳ್ಳೆಯ ಪ್ಲೇಯರುಗಳು ಲೇಮ್ ಬರೆದಿಟ್ಟ ಸೂಚನೆ ಓದಿ ಇದನ್ನು ಕತ್ತರಿಸುತ್ತವೆ, ಕಾರಿನವು ಹೆಚ್ಚಾಗಿ ಓದುವುದಿಲ್ಲ. ಕಚೇರಿ ಕೇಳುವವರು ಫ್ಲ್ಯಾಕ್ ಇಟ್ಟುಕೊಳ್ಳಲು ನಿಜವಾದ ಕಾರಣ ಇದು.

ಸ್ಟ್ರೀಮಿಂಗ್

ಆಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಲಾಸ್‌ಲೆಸ್ ಕೊಡುತ್ತಿದೆ, ಆದರೆ ಮೊದಲಿಗೆ ಅದು ಆಫ್ ಇರುತ್ತದೆ. ನೀವಾಗಿ ಆಡಿಯೋ ಕ್ವಾಲಿಟಿಗೆ ಹೋಗಿ ಆನ್ ಮಾಡದಿದ್ದರೆ ಬರುವುದು 256ರ ಎಎಸಿ. ಸ್ಪಾಟಿಫೈ ಬಹುಕಾಲ 320ರ ಓಗ್ ವೋರ್ಬಿಸ್‌ಗೇ ನಿಂತಿತ್ತು, 2025ರಲ್ಲಿ 24 ಬಿಟ್/44.1ರವರೆಗಿನ ಫ್ಲ್ಯಾಕ್ ಶುರುಮಾಡಿತು. ನಿಮ್ಮ ಪ್ಲ್ಯಾನಿನಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ. ಯೂಟ್ಯೂಬ್ ಮ್ಯೂಸಿಕ್‌ನ ಮೇಲ್ಮಿತಿ 256. ಹೊರದೇಶದಲ್ಲಿರುವವರಿಗೆ ಟೈಡಲ್ ಮತ್ತು ಕೋಬಜ್ ಕೂಡ ಲಾಸ್‌ಲೆಸ್ ಫ್ಲ್ಯಾಕ್ ಕೊಡುತ್ತವೆ.

ಹೆಚ್ಚಿನ ಆ್ಯಪುಗಳಲ್ಲಿ ಮೊಬೈಲ್ ಡೇಟಾ, ವೈಫೈ, ಡೌನ್‌ಲೋಡ್‌ಗಳಿಗೆ ಬೇರೆ ಬೇರೆ ಗುಣಮಟ್ಟದ ಸೆಟ್ಟಿಂಗ್ ಇರುತ್ತದೆ. ಒಂದನ್ನು ಏರಿಸಿ ಉಳಿದೆರಡನ್ನು ಮರೆಯುವುದು ವಾಡಿಕೆ. ‘ಆಟೋಮ್ಯಾಟಿಕ್’ ಎಂದಿದ್ದರೆ ಸಿಗ್ನಲ್ ಕುಗ್ಗಿದಾಗ ಹಾಡೂ ಕುಗ್ಗುತ್ತದೆ, ಆಗುಂಬೆ ಘಾಟಿಯಲ್ಲಂತೂ ಕೇಳಲೇಬೇಡಿ. 320ಕ್ಕೆ ಗಂಟೆಗೆ 144 ಎಂಬಿ ಖರ್ಚು, ಸಿಡಿ ಮಟ್ಟದ ಲಾಸ್‌ಲೆಸ್‌ಗೆ ಸುಮಾರು 400. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಮೂರೂವರೆ ಗಂಟೆ ಕೇಳುವಷ್ಟರಲ್ಲಿ ಮುಗಿದುಹೋಗುತ್ತದೆ. 192 ಕಿಲೋಹರ್ಟ್ಸ್‌ನ ಹೈ-ರೆಸ್ ಆದರೆ ಮೂರು ನಿಮಿಷದ ಒಂದು ಹಾಡಿಗೇ 145 ಎಂಬಿ ಆಸುಪಾಸು.

ಹೋಲಿಸುವ ಮೊದಲು ಆಫ್ ಮಾಡಬೇಕಾದವು: ವಾಲ್ಯೂಮ್ ನಾರ್ಮಲೈಸೇಷನ್ (ಸ್ಪಾಟಿಫೈ ಹಾಡುಗಳನ್ನು -14 ಎಲ್‌ಯುಎಫ್‌ಎಸ್ ಎಂಬ ಜೋರಿನ ಮಟ್ಟಕ್ಕೆ ತರುತ್ತದೆ, ಆಪಲ್‌ನ ಸೌಂಡ್ ಚೆಕ್ -16ಕ್ಕೆ), ಈಕ್ವಲೈಸರ್, ಫೋನ್ ಕಂಪನಿಯವರು ತಾವೇ ಸೇರಿಸಿರುವ ಸೌಂಡ್ ಎಫೆಕ್ಟ್, ಮತ್ತು ಬಹುಮುಖ್ಯವಾಗಿ ಡಾಲ್ಬಿ ಅಟ್ಮಾಸ್. ಅಟ್ಮಾಸ್ ಎಂಬುದು ಅದೇ ಹಾಡಿನ ಬೇರೆಯೇ ಮಿಕ್ಸ್. ದನಿ ಹಿಂದೆ ಸರಿದಿದೆ, ತಬಲಾ ಪಕ್ಕಕ್ಕೆ ಹೋಗಿದೆ ಎಂಬ ದೂರು ಫೈಲಿನ ಗುಣದ್ದಲ್ಲ. ಹೋಲಿಕೆ ಮುಗಿದ ಮೇಲೆ ನಾರ್ಮಲೈಸೇಷನ್ನನ್ನು ಮತ್ತೆ ಹಾಕಿಕೊಳ್ಳಿ, ಹಾಡಿನಿಂದ ಹಾಡಿಗೆ ವಾಲ್ಯೂಮ್ ತಿರುಗಿಸುವುದು ತಪ್ಪುತ್ತದೆ. ಆದರೆ ‘ಲೌಡ್’ ಎಂಬ ಆಯ್ಕೆ ಬೇಡ, ಅದರಲ್ಲಿ ಗಟ್ಟಿ ಪೆಟ್ಟುಗಳನ್ನು ಒತ್ತಿಹಿಡಿಯುವ ಲಿಮಿಟರ್ ಕೆಲಸ ಮಾಡುತ್ತದೆ.

ಆಮೇಲೆ ಬ್ಲೂಟೂತ್. ಅದು ಹಾಡನ್ನು ಹಿಂಡಿ ಕಳಿಸುವ ಪದ್ಧತಿಗಳಲ್ಲಿ ಸಾಮಾನ್ಯ ಎಸ್‌ಬಿಸಿ 328 ಕೆಬಿಪಿಎಸ್‌ನಲ್ಲಿ ನಿಲ್ಲುತ್ತದೆ, ಎಲ್‌ಡ್ಯಾಕ್ 990ಕ್ಕೆ. 1,411 ಇದ್ದದ್ದು ಇವೆರಡರಲ್ಲೂ ಹಿಂಡಿಕೊಂಡೇ ದಾಟಬೇಕು. ಆಪ್ಟ್‌ಎಕ್ಸ್ ಲಾಸ್‌ಲೆಸ್ ಒಂದಿದೆ, ಫೋನು ಹೆಡ್‌ಫೋನು ಎರಡರಲ್ಲೂ ಇರಬೇಕು. ಸಾಧಾರಣ ಇಯರ್‌ಬಡ್‌ನಲ್ಲಿ ಕೇಳುವವರು ಲಾಸ್‌ಲೆಸ್ ಪ್ಲ್ಯಾನಿಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ವೈರಿನಲ್ಲಿ ಕೇಳುವವರಿಗೆ ಆಂಡ್ರಾಯ್ಡ್ 44.1 ಕಿಲೋಹರ್ಟ್ಸನ್ನು 48ಕ್ಕೆ ಬದಲಿಸುವ ಚಿಂತೆ ಇರುತ್ತದೆ. ಬದಲಿಸುವುದು ನಿಜ, ಕೇಳಿಸುವಷ್ಟು ಕೆಡಿಸುವುದಿಲ್ಲ. ಬಿಟ್ಟೂ ಕದಲಬಾರದೆಂಬ ಹಟವಿದ್ದರೆ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಸಾಧನ) ಜೊತೆ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊನಂಥ ಆ್ಯಪ್ ಬೇಕು.

ಮಾಸ್ಟರ್ ಯಾವುದು?

ಸಿಡಿ ಗೆಲ್ಲುವುದಾದರೆ ಇಲ್ಲಿ ಗೆಲ್ಲುತ್ತದೆ, ಸೋಲುವುದಾದರೂ ಇಲ್ಲೇ.

ಒಂದೇ ಹಾಡು ಹಲವು ಸಲ ಟೇಪಿನಿಂದ ಡಿಜಿಟಲ್‌ಗೆ ಬಂದಿರುತ್ತದೆ. ತೊಂಬತ್ತರ ದಶಕದ ಸಿಡಿಗೆ ಒಬ್ಬರು ಮಾಡಿದ್ದು, ಹತ್ತು ವರ್ಷದ ನಂತರ ಇನ್ನೊಬ್ಬರು ಜೋರು ಮಾಡಿದ್ದು, ಸ್ಟ್ರೀಮಿಂಗ್‌ಗೆ ಕೈಗೆ ಸಿಕ್ಕಿದ್ದನ್ನು ಏರಿಸಿದ್ದು. ಜೋರು ಮಾಡುವುದೆಂದರೆ ಮೆಲ್ಲನೆಯ ಭಾಗವನ್ನು ಎತ್ತಿ, ಗಟ್ಟಿ ಪೆಟ್ಟುಗಳ ತಲೆ ಚಪ್ಪಟೆ ಮಾಡುವುದು. ಐದು ನಿಮಿಷಕ್ಕೆ ಚುರುಕಾಗಿ ಕೇಳುತ್ತದೆ, ಅರ್ಧ ಗಂಟೆಗೆ ಕಿವಿ ಸೋಲುತ್ತದೆ. ಅಡಾಸಿಟಿ ಎಂಬ ತಂತ್ರಾಂಶದಲ್ಲಿ ಎರಡು ಆವೃತ್ತಿಗಳನ್ನು ಒಂದರ ಕೆಳಗೊಂದು ತೆರೆದರೆ ಅಳೆಯುವುದೇ ಬೇಡ: ಒಂದು ಮಲೆನಾಡಿನ ಗುಡ್ಡದ ಸಾಲು, ಇನ್ನೊಂದು ಇಟ್ಟಿಗೆ.

ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಇನ್ನೂ ನಾಲ್ಕು ವಿಷಯ ನೋಡಬೇಕು.

ಮೊದಲನೆಯದು ಶ್ರುತಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ಟಿವಿ ಬಳಸುತ್ತಿದ್ದ ಪಾಲ್ ಪದ್ಧತಿ 25. ಚಿತ್ರವನ್ನು ವಿಸಿಡಿ, ಡಿವಿಡಿಗೆ ಇಳಿಸುವಾಗ 25ರ ವೇಗದಲ್ಲಿ ಓಡಿಸಿದರೆ ಹಾಡು ಶೇಕಡಾ 4ರಷ್ಟು ಬೇಗ ಓಡುತ್ತದೆ, ಶ್ರುತಿ ಸುಮಾರು ಮುಕ್ಕಾಲು ಅರೆಸ್ವರ ಏರುತ್ತದೆ. ನಾಲ್ಕು ನಿಮಿಷದ ಹಾಡು ಮೂರು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯುತ್ತದೆ. ಯೂಟ್ಯೂಬಿನಲ್ಲಿರುವ ಹಳೆಯ ವೀಡಿಯೋಗಳ ಜೊತೆ ಹಾರ್ಮೋನಿಯಂ ಕೂರದಿದ್ದರೆ ಹಾರ್ಮೋನಿಯಂ ರಿಪೇರಿಗೆ ಕೊಡಬೇಡಿ. ಆಡಿಯೋ ಸಿಡಿಯ ಅವಧಿಯ ಜೊತೆ ತಾಳೆ ನೋಡಿ.

ಎರಡನೆಯದು ಸುಳ್ಳು ಸ್ಟೀರಿಯೋ. ಮೂಲ ಮೋನೋ ಇದ್ದ ಹಾಡಿಗೆ ಎಡ-ಬಲಕ್ಕೆ ಬೇರೆ ಬೇರೆ ಟ್ರೆಬಲ್ ಕೊಟ್ಟು, ಪ್ರತಿಧ್ವನಿ ಬೆರೆಸಿರುತ್ತಾರೆ. ಅಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕ್ ಒಡೆದು ಒಂದನ್ನು ಇನ್ವರ್ಟ್ ಮಾಡಿ ಎರಡನ್ನೂ ಕೂಡಿಸಿ. ಪೂರ್ತಿ ಮೌನವಾದರೆ ಶುದ್ಧ ಮೋನೋ. ಗವಿಯೊಳಗಿನ ಪಿಸುಗುಟ್ಟುವಿಕೆಯಂಥದು ಮಾತ್ರ ಉಳಿದರೆ ಯಾರೋ ಕೈಯಾಡಿಸಿದ್ದಾರೆ.

ಮೂರನೆಯದು ಲಾಸ್‌ಲೆಸ್ ವೇಷದ ಎಂಪಿ3. ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲನ್ನು ಎಳೆದು ಹಾಕಿದರೆ ಬಣ್ಣದ ಚಿತ್ರ ಬರುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದ ಹಾಗೆ ಚಪ್ಪಟೆಯಾಗಿ ಕತ್ತರಿಸಿದ್ದರೆ ಅದು ಎಲ್ಲೋ ಒಮ್ಮೆ 128ರ ಎಂಪಿ3 ಆಗಿತ್ತು. ಎಚ್ಚರ: ಹಳೆಯ ಟೇಪಿನಲ್ಲಿ ಮೇಲಿನ ಸ್ವರಗಳು ಮೊದಲೇ ಇರುವುದಿಲ್ಲ. ಅಲ್ಲಿ ಬಣ್ಣ ನಿಧಾನವಾಗಿ ಮಾಸುತ್ತದೆ, ಗೋಡೆ ಕಾಣುವುದಿಲ್ಲ. ಎರಡನ್ನೂ ಒಂದೆಂದು ತಿಳಿದು ಒಳ್ಳೆಯ ಸಿಡಿಯನ್ನು ಎಸೆದವರಿದ್ದಾರೆ.

ನಾಲ್ಕನೆಯದು, ಹೊಸ ತಾಳವಾದ್ಯ ಸೇರಿಸಿದ ಆವೃತ್ತಿಗಳು. ಇದಕ್ಕೆ ತಂತ್ರಾಂಶ ಬೇಡ.

ಮನೆಯಲ್ಲೇ ತೀರ್ಮಾನಿಸುವ ಬಗೆ

ಎಂಪಿ3 ನಿಮಗೆ ಗೊತ್ತಾಗುತ್ತದೆಯೇ ಎಂದು ತಿಳಿಯಲು ಅರ್ಧ ಗಂಟೆ ಸಾಕು. ನಿಮ್ಮದೇ ಫ್ಲ್ಯಾಕ್ ಫೈಲೊಂದರಿಂದ 320 ಮತ್ತು 128ರ ಎಂಪಿ3 ಮಾಡಿ. ಬೇರೆಡೆಯಿಂದ ತಂದ ಎಂಪಿ3 ಬೇಡ, ಮಾಸ್ಟರ್ ಬೇರೆ ಇರಬಹುದು. ಫೂಬಾರ್2000 ಪ್ಲೇಯರಿಗೆ ಎಬಿಎಕ್ಸ್ ಎಂಬ ಸೇರ್ಪಡೆ ಹಾಕಿ, ಎರಡು ಫೈಲು ಕೊಡಿ. ಅದು ಗುಟ್ಟಾಗಿ ಒಂದನ್ನು ಆರಿಸಿ ‘ಇದು ಯಾವುದು?’ ಎಂದು ಕೇಳುತ್ತದೆ. 16 ಸಲ ಆಡಿ. 12 ಸರಿ ಬಂದರೆ ಅದು ಬರಿಯ ಅದೃಷ್ಟವಾಗಿರುವ ಸಾಧ್ಯತೆ ಸುಮಾರು ಶೇಕಡಾ 4. 9 ಅಥವಾ 10 ಬಂದರೆ ನೀವು ಊಹಿಸಿದ್ದೀರಿ. ಮೊದಲು 128ರಲ್ಲಿ ಕಿವಿ ಪಳಗಿಸಿ, ಹತ್ತು ಸೆಕೆಂಡಿನ ತುಣುಕನ್ನೇ ಮತ್ತೆ ಮತ್ತೆ ಕೇಳಿ, ಆಮೇಲೆ 320.

ಸಿಡಿ ಪ್ಲೇಯರನ್ನೂ ಫೋನನ್ನೂ ಹೋಲಿಸುವುದಾದರೆ ಮಲ್ಟಿಮೀಟರ್ ಬೇಕು. 100ರಿಂದ 400 ಹರ್ಟ್ಸ್ ನಡುವಿನ ಒಂದು ಟೋನನ್ನು ಸಿಡಿಗೂ ಬರೆದು, ಫೋನಿಗೂ ಹಾಕಿಕೊಳ್ಳಿ. ಅಗ್ಗದ ಮೀಟರುಗಳು ಅದಕ್ಕಿಂತ ಮೇಲೆ ತಪ್ಪು ಓದುತ್ತವೆ. ಎಸಿ ವೋಲ್ಟಿನಲ್ಲಿ ಸ್ಪೀಕರಿನ ತುದಿಗಳನ್ನು ಅಳೆದು, ಎರಡೂ ಶೇಕಡಾ 1ರೊಳಗೆ ಬರುವಂತೆ ವಾಲ್ಯೂಮ್ ಹೊಂದಿಸಿ: 2.00 ವೋಲ್ಟಿಗೆ 1.98 ಆಗಬಹುದು, 1.90 ಆಗದು. ಫೋನಿನ ಡೆಸಿಬೆಲ್ ಆ್ಯಪ್ ಈ ಕೆಲಸಕ್ಕೆ ಒರಟು. ಆಮೇಲೆ ಮನೆಯವರೊಬ್ಬರು ನಿಮಗೆ ಕಾಣದಂತೆ ಬದಲಿಸಲಿ.

ಯಾರಿಗೆ ಯಾವುದು

ಹೊಸ ಚಿತ್ರಗೀತೆ, ಇಯರ್‌ಬಡ್, ಬಸ್ಸು-ಮೆಟ್ರೋ: ಸ್ಟ್ರೀಮಿಂಗ್, ಅದರಲ್ಲೂ 256-320 ಸಾಕು. ಇಂದಿನ ಹಾಡು ಸಿಡಿಯಾಗಿ ಬರುವುದೇ ಅಪರೂಪ, ಚರ್ಚೆಗೆ ಜಾಗವಿಲ್ಲ.

ಒಳ್ಳೆಯ ಸ್ಪೀಕರ್ ಇದ್ದು ಕಚೇರಿ, ಭಾವಗೀತೆ, ಹಳೆಯ ಚಿತ್ರಗೀತೆ ಕೇಳುವವರು ಸಿಡಿ ಸಿಕ್ಕಲ್ಲೆಲ್ಲ ಕೊಂಡು ರಿಪ್ ಮಾಡಿ. ಸ್ಟ್ರೀಮಿಂಗ್‌ನಲ್ಲಿ ಇಂದು ಇದ್ದದ್ದು ನಾಳೆ ಇರಬೇಕೆಂದಿಲ್ಲ. 2023ರ ಮಾರ್ಚ್‌ನಲ್ಲಿ ಪರವಾನಗಿ ಮಾತುಕತೆ ಮುರಿದುಬಿದ್ದು ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಹೋದವು, ಜನರ ಪ್ಲೇಲಿಸ್ಟ್‌ಗಳಲ್ಲಿ ಬೂದುಬಣ್ಣದ ಸಾಲು ಉಳಿದವು. ಆದರೆ ಸಿಡಿ ಎಂದೊಡನೆ ಮೇಲು ಎಂದುಕೊಳ್ಳಬೇಡಿ. ಜೋರು ಮಾಡಿ ಚಪ್ಪಟೆಯಾದ ಸಿಡಿಗಿಂತ ಅದೇ ಹಾಡಿನ ಒಳ್ಳೆಯ ವರ್ಗಾವಣೆಯ 256ರ ಸ್ಟ್ರೀಮ್ ಎಷ್ಟೋ ವಾಸಿ.

ದುಬಾರಿ ಸಿಡಿ ಪ್ಲೇಯರ್ ಕೊಳ್ಳಬೇಕೆ? ಧ್ವನಿಯ ದೃಷ್ಟಿಯಿಂದ ಬೇಡ. ಅದೇ ದುಡ್ಡು ಸ್ಪೀಕರಿಗೆ ಹೋದರೆ ಕೇಳಿಸುವ ವ್ಯತ್ಯಾಸ ಬೇರೆಯೇ. ಡಿಸ್ಕ್ ಕೈಯಲ್ಲಿ ಹಿಡಿದು, ಒಳಗಿನ ಹಾಳೆ ಓದುತ್ತ ಕೇಳುವ ಸುಖಕ್ಕಾಗಿ ಕೊಳ್ಳುವುದಾದರೆ ಅದು ಬೇರೆ ಲೆಕ್ಕ, ಅದನ್ನು ಡೆಸಿಬೆಲ್‌ನಲ್ಲಿ ಅಳೆಯಬೇಕಾಗಿಲ್ಲ.

ರಿಪ್ ಮಾಡಲು ಕೂತರೆ ಮೊದಲು ಮನೆಯಲ್ಲೇ ಬರೆದ ಸಿಡಿ-ಆರ್‌ಗಳನ್ನು ಮುಗಿಸಿ: ಮದುವೆಯ ಕಚೇರಿ, ಮಕ್ಕಳ ಹಾಡು, ಊರಿನ ಮೇಳದ ಆಟ. ಅವು ನಿಂತಿರುವುದು ಬಣ್ಣದ ಪದರದ ಮೇಲೆ, ಬಿಸಿಲು ಸೆಕೆಗೆ ಮಾಸುತ್ತವೆ, ಅವಕ್ಕೆ ಎರಡನೇ ಪ್ರತಿ ಎಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕ್ ಕಾಯುತ್ತದೆ. ಅದರ ಕೆಳಬದಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ, ಮೇಲಿನ ಚಿತ್ರದ ಬದಿಯಲ್ಲಿ ಲೋಹದ ಪದರಕ್ಕೆ ತೆಳು ವಾರ್ನಿಷ್ ಮಾತ್ರ. ಆದ್ದರಿಂದ ಗೀರು ಬೀಳಬಾರದ ಬದಿ ಮೇಲಿನದು. ಬಾಲ್‌ಪೆನ್ನಿನಲ್ಲಿ ಹೆಸರು ಬರೆದಿದ್ದರೆ ಆ ಡಿಸ್ಕನ್ನೂ ಮೊದಲ ಸಾಲಿಗೆ ಸೇರಿಸಿ. ಕರಾವಳಿ, ಮಲೆನಾಡಿನಲ್ಲಿ ಇರುವವರು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಎರಡು ಮಳೆಗಾಲ ಅಟ್ಟದ ಮೇಲಿದ್ದ ಡಿಸ್ಕಿನ ಮೇಲೆ ಕೂತ ಬೂಷ್ಟು ತೊಳೆದರೆ ಹೋಗುತ್ತದೆ, ಅಂಚಿನಿಂದ ಲೋಹದ ಪದರಕ್ಕೆ ಇಳಿದ ತೇವ ಹೋಗುವುದಿಲ್ಲ.